ಬೀದರ್ ಲಾಡ್ಜಲ್ಲಿ ನನ್ನ ಸೈಕಲ್‌ಗೂ ಬೆಡ್ ಚಾರ್ಜ್!

ಹಾಂ, ಕಲಬುರಗಿಯಿಂದ ಬೀದರ್‌ಗೆ ಸೈಕಲ್ ತುಳಿದ ವಿಡಿಯೋ, ಇದು ಹುಮನಾಬಾದ್ ದಾಟಿದ ಮೇಲಿನ ಶಾಟ್. ನನ್ನ ಮುಖ ನೋಡಬೇಡಿ, ಟಯರ್ ನೋಡಿ. ಬೆಳಿಗ್ಗೆ ಕಲಬುರಗಿ ಬಿಡುವಾಗ ಕಪ್ಪು ಮಣ್ಣು ಮೆತ್ತಿತ್ತು, ಇಲ್ಲಿ ಬರುವಷ್ಟರಲ್ಲಿ ಕೆಂಪು. ಬೀದರ್ ಇರುವುದೇ ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ, ಕಲಬುರಗಿಗಿಂತ 200 ಮೀಟರ್‌ಗೂ ಜಾಸ್ತಿ ಎತ್ತರ. ಮ್ಯಾಪಲ್ಲಿ ಏನೂ ಅನಿಸುವುದಿಲ್ಲ. ತೊಡೆಗೆ ಗೊತ್ತಾಗುತ್ತದೆ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಿಂದಿದ್ದನ್ನು ಕಟ್ ಮಾಡಿದ್ದೇನೆ. ಬಾಯಿ ತುಂಬ ಹಣ್ಣಿಟ್ಟುಕೊಂಡು ಮಾತಾಡುತ್ತಿದ್ದೆ, ನನಗೇ ನೋಡಲಾಗಲಿಲ್ಲ.

ಪ್ಲಾನ್ ಏನಿತ್ತೆಂದರೆ, ಈ ದಿನ 115 ಕಿಲೋಮೀಟರ್ ಹೋಗುವುದು, ರಾತ್ರಿ ಮಲಗುವುದು, ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸ್. ಒಂದೇ ರಾತ್ರಿಯಲ್ಲಿ ಮೈ ಎಷ್ಟು ರಿಪೇರಿ ಆಗುತ್ತದೆ, ನೋಡೋಣ ಅಂತ.

ಇದು ಲಾಡ್ಜ್. ಹೆಸರು ಹೇಳುವುದಿಲ್ಲ. ಸೈಕಲ್ ಹೆಗಲ ಮೇಲೆ ಹೊತ್ತು ಮೆಟ್ಟಿಲ ಹತ್ತಿರ ಬಂದೆ. ಕೌಂಟರ್‌ನಲ್ಲಿದ್ದ ಅಣ್ಣ ತಲೆ ಎತ್ತದೆ, "ಅದನ್ನ ಮ್ಯಾಲ ಒಯ್ತೀರಂದ್ರ ಎಕ್ಸ್‌ಟ್ರಾ ಬೆಡ್ ಆಗ್ತದ ನೋಡ್ರಿ" ಅಂದರು. 150 ರೂಪಾಯಿ. ಸೈಕಲ್‌ಗೆ! ಅದೇನು ಹೊದ್ದುಕೊಂಡು ಮಲಗುತ್ತಾ ಅಣ್ಣಾ ಅಂದೆ. "ಮಲಗಿಸ್ರಿ, ನಿಲ್ಲಸ್ರಿ, ಜಾಗ ಹಿಡೀತದಲ್ರೀ." ಕೆಳಗೆ ಬಿಡಿ, ಬೈಕ್‌ಗಳ ಜೊತೆ ಇರಲಿ ಅನ್ನುತ್ತಾರೆ. ನನ್ನ ಎಂಟು ತಿಂಗಳ ಸಂಬಳ ಉಳಿಸಿ ತಗೊಂಡ ಸೈಕಲ್ ಅದು, ಬೀಗ ಮನೆಯಲ್ಲೇ ಮರೆತು ಬಂದಿದ್ದೆ. ಅದು ಅವರಿಗೆ ಹೇಳಲಿಲ್ಲ, ಹೇಳಿದ್ದರೆ 200 ಆಗುತ್ತಿತ್ತು. 50ಕ್ಕೆ ಕೇಳಿದೆ. 150. 80ಕ್ಕೆ ಕೇಳಿದೆ. 150. ಸರಿ, ಬೆಡ್ ಚಾರ್ಜ್ ತಗೊಂಡರೆ ಅದಕ್ಕೂ ಒಂದು ಟವೆಲ್, ಒಂದು ಸೋಪು ಕೊಡಿ ಅಂದೆ. ಅವರು ನಗಲೇ ಇಲ್ಲ. ಮುಕ್ಕಾಲು ಗಂಟೆ, ಬೆವರಿನ ಬಟ್ಟೆಯಲ್ಲಿ, ಖಾಲಿ ಹೊಟ್ಟೆಯಲ್ಲಿ, ನಿಂತೇ ಇದ್ದೆ. ಕೊನೆಗೆ 150 ಕೊಟ್ಟೆ.

ನಿಜವಾಗಿ ಕಳೆದದ್ದು ದುಡ್ಡಲ್ಲ, ಆ ಮುಕ್ಕಾಲು ಗಂಟೆ. ನಾವು ತಿಂದ ಅನ್ನ, ರೊಟ್ಟಿ ಮಾಂಸಖಂಡದಲ್ಲಿ ಗ್ಲೈಕೋಜನ್ ಆಗಿ ಕೂಡಿಟ್ಟಿರುತ್ತದೆ. ಸುಮಾರು 400 ಗ್ರಾಂ ಅಲ್ಲಿ, ಲಿವರ್‌ನಲ್ಲಿ ಇನ್ನೊಂದು 100 ಗ್ರಾಂ. ದಿನವಿಡೀ ತುಳಿದರೆ ಅದು ತಳ ಕಾಣುತ್ತದೆ. ಇಳಿದ ಮೊದಲ ಒಂದೆರಡು ಗಂಟೆಯಲ್ಲಿ ತಿಂದರೆ ಬೇಗ ತುಂಬಿಕೊಳ್ಳುತ್ತದೆ. ನಾಳೆ ರೆಸ್ಟ್ ಇದ್ದರೆ ಈ ಅವಸರ ಬೇಕಿಲ್ಲ, ನಿಧಾನಕ್ಕೆ ತಿಂದರೂ ನಡೆಯುತ್ತದೆ. ನನಗೆ ಬೆಳಿಗ್ಗೆಯೇ ಹೊರಡಬೇಕಿತ್ತಲ್ಲ! ಆ ಹೊತ್ತಲ್ಲಿ ನಾನು ಸೈಕಲ್‌ಗೆ ಸೋಪು ಕೇಳುತ್ತಿದ್ದೆ.

ಇದು ಮೆಡಿಕಲ್ ಅಂಗಡಿಯ ತೂಕದ ಮಷಿನ್. ಬೆಳಿಗ್ಗೆ ಮನೆಯಲ್ಲಿ 68 ಇದ್ದೆ, ಇಲ್ಲಿ 66.2. ಮಷಿನ್ ಬೇರೆ ಬೇರೆ, ಇರಲಿ, ಅಂದಾಜಿಗೆ ಸಾಕು. ಇಷ್ಟು ಕಮ್ಮಿಯಾದದ್ದು ಕೊಬ್ಬಲ್ಲ, ಖುಷಿ ಪಡಬೇಡಿ. ಹೆಚ್ಚಿನಂಶ ನೀರು. ಹೋದದ್ದರ ಒಂದೂವರೆ ಪಟ್ಟು ವಾಪಸ್ ಕುಡಿಯಬೇಕು, ಅಂದರೆ ನನಗೆ ಎರಡೂವರೆ ಲೀಟರ್ ಮೇಲೆ. ಬರೀ ನೀರು ಗಟಗಟ ಕುಡಿದರೆ ಬಂದ ದಾರಿಗೆ ಹೋಗುತ್ತದೆ, ಉಪ್ಪು ಬೇಕು. ಅವ್ವ ಫೋನಲ್ಲಿ "ಮಜ್ಜಿಗೀಗೆ ಉಪ್ಪು ಹಾಕ್ಕೊಂಡು ಕುಡೀ" ಅಂದಳು. ನೀರಿಗೆ ಬೆರೆಸುವ ಉಪ್ಪಿನಂಶದ ಪ್ಯಾಕೆಟ್ ಪುಡಿಗೆ ಸುಮ್ನೆ ದುಡ್ಡು ಹಾಕಿದ್ದೆ.

ಊಟ. ಅನ್ನ, ತೊಗರಿಬೇಳೆ ಸಾರು, ಮೊಸರು. ರೊಟ್ಟಿ ಬಿಟ್ಟೆ. ಕಲಬುರಗಿಯವನಾಗಿ ಇದನ್ನು ಹೇಳಬಾರದು, ಆದರೆ ಇಂಥ ರಾತ್ರಿ ಜೋಳದ ರೊಟ್ಟಿಗಿಂತ ಅನ್ನವೇ ಮೇಲು, ಬೇಗ ಕರಗುತ್ತದೆ. ಹರಿದ ಮಾಂಸದ ಎಳೆ ಹೊಲಿಯಲು ಪ್ರೋಟೀನ್ ಬೇಕು, ಅದಕ್ಕೆ ಬೇಳೆ. ನಮ್ಮ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಬೇರೆ ಇದೆ, ಗೊತ್ತಲ್ವಾ? ಈಗ ರಾಶಿ ಟೈಮು, ದಾರಿ ಪಕ್ಕ ತೊಗರಿ ಕಟ್ಟಿಗೆ... ಅಯ್ಯೋ, ಶಾಟ್ ಮುಗಿದೇ ಹೋಯಿತು.

ಕಾಲು ಗೋಡೆಗೆ ಎತ್ತಿಟ್ಟು ಮಲಗಿದ್ದೇನೆ. ಜೋರಾಗಿ ತುಳಿದಾಗ ಮಾಂಸಖಂಡದಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಇದರಿಂದ ಇಳಿಯುತ್ತದೆ, ನೋವು ಹೋಗುತ್ತದೆ ಅಂತ ನನ್ನ ಗೆಳೆಯ ಹೇಳುತ್ತಾನೆ. ಸುಳ್ಳು. ಅದು ಸೈಕಲ್ ಇಳಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೋಗಿಬಿಟ್ಟಿರುತ್ತದೆ. ಮರುದಿನದ ನೋವು ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯದ್ದು. ಹಾಗಂತ ಕಾಲು ಇಳಿಸಲಿಲ್ಲ, ಹಾಯಾಗಿತ್ತು.

ಆಮೇಲೆ ದೊಡ್ಡ ತಪ್ಪು. ಎಂಟೂವರೆಗೆ ಎರಡು ಕಡಕ್ ಚಹಾ. ಕುಡಿದದ್ದರಲ್ಲಿ ಅರ್ಧ ಕೆಫೀನ್ ಇಳಿಯಲಿಕ್ಕೇ ಐದು ಗಂಟೆ ಹತ್ತಿರ ಬೇಕು. ಮೈ ಬೇರೆ ಒಳಗಿಂದ ಬಿಸಿ. ಹೊರಗೆ ಡಿಸೆಂಬರ್ ಚಳಿ, ನಾನು ಫ್ಯಾನ್ ಹಾಕಿಕೊಂಡು ಸೂರು ನೋಡುತ್ತಿದ್ದೆ. ಪಕ್ಕದಲ್ಲಿ 150 ರೂಪಾಯಿಯ ಅತಿಥಿ, ಹ್ಯಾಂಡಲ್ ಮೇಲೆ ನನ್ನ ಒದ್ದೆ ಬನಿಯನ್. ಆಗ ಅನಿಸಿತು, ಅಷ್ಟೇನೂ ಲಾಸ್ ಇಲ್ಲ, ಬಟ್ಟೆ ಒಣಗಿಸಲು ಸ್ಟ್ಯಾಂಡ್ ಸಿಕ್ಕಿತು. ಒಂದು ಗಂಟೆಗೆ ನಿದ್ದೆ ಹತ್ತಿತು. ಗ್ರೋತ್ ಹಾರ್ಮೋನ್ ಜಾಸ್ತಿ ಸುರಿಯುವುದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ, ರಿಪೇರಿ ಕೆಲಸ ಜೋರಾಗಿ ನಡೆಯುವುದೂ ಮಲಗಿದ ಮೇಲೆಯೇ. ನನ್ನ ಮೇಸ್ತ್ರಿ ಬರುವಷ್ಟರಲ್ಲಿ ಅರ್ಧ ರಾತ್ರಿ ಕಳೆದಿತ್ತು.

ಬೆಳಿಗ್ಗೆ. ಹಾಸಿಗೆಯಿಂದ ಏಳುವ ಮುಂಚೆ ಕತ್ತಿನ ಪಕ್ಕ ಎರಡು ಬೆರಳು. ನಾಡಿ 30 ಸೆಕೆಂಡಿಗೆ 32, ಅಂದರೆ ನಿಮಿಷಕ್ಕೆ 64. ಮನೆಯಲ್ಲಿ ನನ್ನದು 54. ಒಂದು ದಿನದ ಲೆಕ್ಕ ನಂಬಿ ಹೆದರಬೇಕಿಲ್ಲ, ನಿದ್ದೆಗೆಟ್ಟರೂ ಏರುತ್ತದೆ. ಆದರೆ ಹತ್ತು ಜಾಸ್ತಿ ಅಂದರೆ ಮೈ ಇನ್ನೂ ಕೆಲಸದಲ್ಲಿದೆ. ಹೇಗೂ ಗ್ಲೈಕೋಜನ್ ಪೂರ್ತಿ ತುಂಬಲು ಒಂದು ದಿನವೇ ಬೇಕು. ಪ್ಲಾನ್ ಕ್ಯಾನ್ಸಲ್.

ಇದು ನಾನಕ್ ಝೀರಾ ಗುರುದ್ವಾರ. ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ದಾಸೋಹದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತೆ, ರೋಟಿ, ದಾಲ್, ಎರಡು ಸಲ ಹಾಕಿಸಿಕೊಂಡೆ. ಏಳುವುದನ್ನು ನೋಡಿ ಈಗ. ಒಂದು ಕೈ ನೆಲಕ್ಕೆ, ಇನ್ನೊಂದು ಪಕ್ಕದ ಅಜ್ಜನ ಹೆಗಲಿಗೆ. ಅವರೇ ಎತ್ತಿ ನಿಲ್ಲಿಸಿದರು. ಅವರಿಗೆ ಎಪ್ಪತ್ತರ ಮೇಲಿರಬಹುದು.

ಮಧ್ಯಾಹ್ನ ಗವಾನ್ ಮದರಸಾ ಸುತ್ತ ಹಗುರ ಗೇರಲ್ಲಿ ಅರ್ಧ ಗಂಟೆ. 1472ರ ಕಟ್ಟಡ, ಬಣ್ಣದ ಹೆಂಚು ಇನ್ನೂ ಅಲ್ಲಲ್ಲಿ ಉಳಿದಿದೆ. ನಿಧಾನಕ್ಕೆ ತುಳಿದರೆ ಬಿಗಿತ ಸಡಿಲವಾಗುತ್ತದೆ, ಸುಮ್ಮನೆ ಬಿದ್ದುಕೊಂಡಿದ್ದರೆ ನಾನಂತೂ ಕಟ್ಟಿಗೆ.

ಸಂಜೆ ಮತ್ತೆ ಅದೇ ಕೌಂಟರ್. ಇನ್ನೊಂದು ರಾತ್ರಿ ಅಂದೆ. ಅಣ್ಣ ರಿಜಿಸ್ಟರ್ ತೆಗೆದು, "ಸೈಕಲ್ಲಿಂದೂ ಬರೀಲೇನ್ರಿ?" ಅಂದರು. ಬರೀರಿ ಅಂದೆ. ಚಹಾ ಕುಡಿಯಲಿಲ್ಲ, ಹಾಲು ಕುಡಿದು ಒಂಬತ್ತೂವರೆಗೆ ಮಲಗಿದೆ.

ಮೂರನೇ ದಿನ, ನಾಡಿ 56. ಇನ್ನು ಇಳಿಜಾರು. ಗಾಳಿ ಸದ್ದಿಗೆ ಇಲ್ಲಿ ನಾನು ಕೂಗಿದ್ದು ಏನೂ ಕೇಳಿಸುವುದಿಲ್ಲ, ಸುಮ್ನೆ ನೋಡಿ.