ಎಲ್ಲ ತೂತೂ ಕಣ್ಣಲ್ಲ

ಎಲ್ಲರಿಗೂ ನಮಸ್ಕಾರ. ವಿಜ್ಞಾನದ ಕನ್ನಡ ಪದಗಳ ಬಗ್ಗೆ ಮಾತಾಡಿ ಅಂದಿದ್ದಾರೆ. ಕೊಟ್ಟಿರುವ ಹೊತ್ತು ಕಾಲು ಗಂಟೆ. ಹಾಗಾಗಿ ಒಂದೇ ಒಂದು ಪದ ಹಿಡಿದುಕೊಳ್ಳುತ್ತೇನೆ. ಕಣ್ಣು. ಡಾಕ್ಟರು ಟಾರ್ಚ್ ಬಿಟ್ಟು ನೋಡುವ ಕಣ್ಣಲ್ಲ, ಮಿಕ್ಕಿದ್ದು.

ಮಂಡ್ಯದವರಿಗೆ ಕಬ್ಬಿನ ಕಣ್ಣು ಯಾರೂ ಹೇಳಿಕೊಡಬೇಕಿಲ್ಲ. ಗಿಣ್ಣಿಗೊಂದು ಕಣ್ಣು, ಮೊಳಕೆ ಒಡೆಯುವುದು ಅದರಿಂದ. ನಾಟಿಗೆ ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಅಂತಲೇ ಲೆಕ್ಕ. ಈಗ ಒಂಟಿ ಕಣ್ಣನ್ನು ಟ್ರೇಯಲ್ಲಿ ಮೊಳೆಸಿ ಸಸಿ ನೆಡುವವರೂ ಇದ್ದಾರೆ.

ಹಿಂದೆ ನಮ್ಮೂರಿಗೆ ಒಂದು ಕರಪತ್ರ ಬಂತು. ಜಗಲಿ ಮೇಲೆ ಹೈಸ್ಕೂಲ್ ಹುಡುಗ ಓದಿದ: 'ಕಕ್ಷೀಯ ಮೊಗ್ಗುಗಳು ಪಾರ್ಶ್ವಾಭಿಮುಖವಾಗಿರುವಂತೆ ತುಂಡುಗಳನ್ನು ಇರಿಸತಕ್ಕದ್ದು.' ಕೂತಿದ್ದ ಅಜ್ಜ ಕೇಳಿದರು, "ಕಕ್ಷಿ ಅಂದ್ರೆ ಕೋರ್ಟಿನ ಕಕ್ಷಿದಾರನೇನ್ಲಾ? ಕಬ್ಬಿನ ಮೇಲೂ ಕೇಸ್ ಹಾಕವ್ರಾ?" ಹುಡುಗನ ಅವ್ವ ನಕ್ಕು, "ಕಣ್ಣು ಪಕ್ಕಕ್ಕೆ ಬರೋ ಹಂಗೆ ಮಡಗಿ ಅಂತ ಕಣಣ್ಣೋ" ಅಂದರು. ಅವರು ನಾಟಿ ಮಾಡುವುದನ್ನು ನಾನು ನೋಡಿದ್ದೇನೆ. ನೀರು ನಿಂತ ಸಾಲಿನಲ್ಲಿ ತುಂಡನ್ನು ಹೆಬ್ಬೆರಳಲ್ಲೇ ತಿರುಗಿಸಿ, ಕಣ್ಣು ಪಕ್ಕಕ್ಕೆ ಬಂದ ಮೇಲೇ ಹಿಮ್ಮಡಿಯಿಂದ ಒತ್ತುತ್ತಿದ್ದರು. ಕಣ್ಣು ಅಡಿಗೆ ಬಿದ್ದರೆ ಮೊಳಕೆ ಸುತ್ತಿ ಬಳಸಿ ಮೇಲೆ ಬರಬೇಕಲ್ಲ! ಕರಪತ್ರ ಅವರಿಗೆ ಹೊಸದೇನೂ ಹೇಳಲಿಲ್ಲ. ಇದ್ದ ಪದವನ್ನು ಕಿತ್ತುಕೊಂಡಿತು, ಅಷ್ಟೇ.

ಅದಕ್ಕೇ ನಾನು ಹೇಳೋದು, ಪದ ಕಟ್ಟುವ ಮೊದಲು ಗದ್ದೆಗೆ ಇಳಿಯಿರಿ.

ಆಲೂಗಡ್ಡೆಗೂ ಕಣ್ಣೇ. ಬಿತ್ತನೆ ಗೆಡ್ಡೆ ಕತ್ತರಿಸುವವರು ತುಂಡಿಗೊಂದು ಕಣ್ಣಾದರೂ ಉಳಿಯುವಂತೆ ಚಾಕು ಆಡಿಸುತ್ತಾರೆ. ತೆಂಗಿನಕಾಯಿಗೆ ಮೂರು. ತೆಂಗಿನ ಹೂವಿನ ಅಂಡಾಶಯದಲ್ಲಿ ಮೂರು ಭಾಗಗಳಿರುತ್ತವೆ, ಭಾಗಕ್ಕೊಂದು ಕಣ್ಣು. ಸಾಮಾನ್ಯವಾಗಿ ಅದರಲ್ಲಿ ಒಂದು ಮಾತ್ರ ಬೀಜವಾಗುತ್ತದೆ. ಅದರ ಕಣ್ಣೇ ಮೆತ್ತಗಿರುವುದು. ಮೊಳಕೆ ಬರುವುದೂ ಅಲ್ಲಿಂದಲೇ, ಮಕ್ಕಳು ಮೊಳೆ ಚುಚ್ಚಿ ನೀರು ಕುಡಿಯುವುದೂ ಅಲ್ಲಿಂದಲೇ.

ಇನ್ನು ಕರಾವಳಿಗೆ ಹೋಗಿ. ಬಲೆಗೆ ಕಣ್ಣು. ಕಣ್ಣು ಸಣ್ಣದಾದರೆ ಮರಿ ಮೀನೂ ಸಿಕ್ಕಿ ಸಾಯುತ್ತದೆ, ದೊಡ್ಡದಾದರೆ ಮರಿ ನುಸುಳಿ ಬದುಕುತ್ತದೆ. ಅದಕ್ಕೇ ಬಲೆಯ ಕಣ್ಣು ಎಷ್ಟು ಮಿಲಿಮೀಟರ್ ಇರಬೇಕು ಅಂತ ಸರ್ಕಾರ ನಿಯಮ ಮಾಡುವುದು. ಒಂದು ಸಮುದ್ರದ ಮೀನುಗಾರಿಕೆಯೇ ಈ ಪದದ ಮೇಲೆ ನಿಂತಿದೆ. 'ಜಾಲರಂಧ್ರ' ಅಂತ ಬರೆದು ನೋಡಿ, ಮಲ್ಪೆಯಲ್ಲಿ ಯಾರಾದರೂ ತಿರುಗಿ ನೋಡುತ್ತಾರಾ?

ತೂತು ಇದ್ದಲ್ಲೆಲ್ಲ ಜನ ಕಣ್ಣು ಅಂದುಬಿಟ್ಟರು ಅಂತ ಅಂದುಕೊಳ್ಳಬೇಡಿ. ಮೂಗಿನದ್ದು ಹೊಳ್ಳೆ. ಎಲ್ಲರ ಮನೆ ದೋಸೆಯೂ ತೂತೇ. ಒಳಗಿಂದ ಏನಾದರೂ ಮೊಳೆತು ಬರಬೇಕು, ಇಲ್ಲಾ ಜರಡಿಯ ಹಾಗೆ ಯಾವುದು ಹೋಗಬೇಕು, ಯಾವುದು ನಿಲ್ಲಬೇಕು ಅಂತ ಆರಿಸಬೇಕು. ಆಗಲೇ ಅದು ಕಣ್ಣು. ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದವರು ಯಾವ ಸಮಿತಿಯಲ್ಲೂ ಕೂತವರಲ್ಲ. ಅದಕ್ಕೇ ಹೇಳೋದು, ಗದ್ದೆಗೆ... ಸರಿ, ಅದನ್ನು ಆಗಲೇ ಹೇಳಿದೆ.

ಹೊತ್ತಾಯಿತು ಅಂತ ಚೀಟಿ ಬಂತು. ಸೂಜಿ, ಹುಣ್ಣಿನ ಕಣ್ಣು ಎರಡನ್ನೂ ಬಿಡುತ್ತೇನೆ. ನವಿಲುಗರಿಯ ಕಣ್ಣಲ್ಲಿ ಏನೂ ಮೊಳೆಯಲ್ಲ, ಏನೂ ನುಸುಳಲ್ಲ, ನಿಮ್ಮ ವಾದ ಬಿದ್ದುಹೋಯಿತಲ್ಲ ಅಂತ ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ಒಪ್ಪಿದೆ, ಅದು ಸುಮ್ನೆ ಕಣ್ಣಿನ ಹಾಗೆ ಕಾಣುವುದಕ್ಕೆ ಕಣ್ಣು. ಆ ಜಗಳ ಊಟದ ಪಂಕ್ತಿಯಲ್ಲಿ ಮುಂದುವರಿಸೋಣ, ಬನ್ನಿ.