ನಕಾಶೆಯಲ್ಲಿ ಮೊದಲು ನಿಮ್ಮ ಮನೆ ಹುಡುಕಿ

ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಹಿಂದೆ ಕೂತ ಅಪ್ಪ ಅಮ್ಮಂದಿರೇ, ಈ ಮಳೆಯಲ್ಲೂ ಕುಂಬಳೆಗೆ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿದವನು. ಹಲವು ವರ್ಷ ಎನ್‌ಸಿಸಿಯನ್ನೂ, ಅಂದ್ರೆ ವಿದ್ಯಾರ್ಥಿಗಳಿಗೆ ಸೇನೆಯ ಶಿಸ್ತಿನ ತರಬೇತಿ ಕೊಡುವ ಘಟಕವನ್ನೂ ನೋಡಿಕೊಂಡೆ. ಸೇನೆಯಲ್ಲಿ ಅಧಿಕಾರಿ ಆಗಬೇಕು ಅನ್ನುವವರು ಕಾಲೇಜಿನಲ್ಲಿ ನಿಜವಾಗಿ ಏನು ಕಲಿಯುತ್ತಾರೆ, ಇವತ್ತು ಅದನ್ನೇ ಹೇಳುತ್ತೇನೆ.

ಎನ್‌ಸಿಸಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಆಗಸ್ಟ್ 15ರ ಪರೇಡು, ಆಮೇಲೆ ಗ್ರೇಸ್ ಮಾರ್ಕು. ಮಾರ್ಕು ಸಿಗ್ತದೆ, ಸೇರು ಅಂತ ಮನೆಯಲ್ಲೇ ಹೇಳಿ ಕಳಿಸುತ್ತಾರೆ. ಇದು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಯಾಕಂದ್ರೆ ಇದು ಸರಿಯಾದ ಒಂದು ಪಾಠಕ್ರಮ. ಹೃದಯನಾಥ ಕುಂಜ್ರು ಅವರ ಸಮಿತಿ ಹೇಳಿದ್ದರ ಮೇಲೆ 1948ರಲ್ಲಿ ಕಾನೂನು ಮಾಡಿ ಶುರು ಮಾಡಿದ್ದು. 2021ರಲ್ಲಿ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಆಯೋಗ ಯುಜಿಸಿ ಇದನ್ನು ಡಿಗ್ರಿಯಲ್ಲಿ ಕ್ರೆಡಿಟ್ ಇರುವ ಐಚ್ಛಿಕ ವಿಷಯವಾಗಿ ಕಲಿಸಬಹುದು ಅಂತ ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ಅಂದ್ರೆ ಇಕನಾಮಿಕ್ಸ್ ಹೇಗೋ ಹಾಗೆಯೇ ಓದಬೇಕಾದ ವಿಷಯ.

ಡ್ರಿಲ್ ಉಂಟು, .22 ರೈಫಲ್ ಉಂಟು, ನೆರೆ ಬಂದಾಗ ಏನು ಮಾಡಬೇಕು ಅನ್ನುವುದೂ ಉಂಟು. ನನಗೆ ಎಲ್ಲಕ್ಕಿಂತ ಇಷ್ಟ ನಕಾಶೆ ಓದುವ ಪಾಠ.

ಸರ್ವೇ ಆಫ್ ಇಂಡಿಯಾದ 1:50,000 ನಕಾಶೆಯಲ್ಲಿ 2 ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 1 ಕಿಲೋಮೀಟರ್. ಕಂದು ಬಣ್ಣದ ಗೆರೆಗಳು ನೆಲದ ಎತ್ತರ ತೋರಿಸುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಗುಡ್ಡೆ, ದೂರ ದೂರ ಇದ್ದರೆ ಇಳಿಜಾರು ಕಮ್ಮಿ. ಒಂದು ವರ್ಷ ಬಾಯಾರು ಕಡೆಯ ಹುಡುಗಿಯೊಬ್ಬಳು ಕ್ಲಾಸಿನಲ್ಲಿದ್ದಳು, ಮಾತು ಬಹಳ ಕಮ್ಮಿ. ನಕಾಶೆ ಹಾಸಿ ಎಲ್ಲಿ ನೀರು ಸಿಗಬಹುದು ಅಂತ ಕೇಳಿದೆ. ಉಳಿದವರು ನೀಲಿ ಬಣ್ಣ ಹುಡುಕುತ್ತಾ ಇದ್ದರು. ಇವಳು ಗೆರೆಗಳೆಲ್ಲ ಗುಡ್ಡೆಯ ಮೇಲ್ಬದಿಗೆ ಚೂಪಾಗಿ ಬಾಗಿದ ಜಾಗದಲ್ಲಿ ಬೆರಳಿಟ್ಟು, "ಸರ್, ಇಲ್ಲಿ ತೋಡು ಇರಬೇಕು" ಅಂದಳು. ಸರಿಯೇ ಇತ್ತು, ಅಲ್ಲಿ ಸಣ್ಣ ಹೊಳೆ ಇತ್ತು. ಹೇಗೆ ಗೊತ್ತಾಯಿತು ಅಂತ ಕೇಳಿದರೆ, ಅವಳ ಅಜ್ಜ ಸುರಂಗ ತೋಡುವವರಂತೆ, ಗುಡ್ಡೆ ನೋಡಿಯೇ ನೀರಿನ ಜಾಗ ಹೇಳುತ್ತಿದ್ದರಂತೆ. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದು ನೀರು ತರುವ ಮನೆಯ ಮಗಳಿಗೆ ನೆಲದ ಏರು ತಗ್ಗು ಹೊಸದಾಗಿ ಕಲಿಸಬೇಕಾ? ಅವಳಿಗೆ ಬೇಕಾಗಿದ್ದದ್ದು ಕಾಗದದ ಮೇಲಿನ ಗುರುತು ಮಾತ್ರ.

ಅಂತರ ಅಂದಾಜು ಮಾಡುವ ಪಾಠವನ್ನು ಬೇಕಲ ಕೋಟೆಯಲ್ಲಿ ಮಾಡುತ್ತಿದ್ದೆ. ಕೆಳದಿಯ ನಾಯಕರು ಆ ಜಾಗವನ್ನೇ ಯಾಕೆ ಆರಿಸಿದರು ಅಂತ ಬುರುಜಿನ ಮೇಲೆ ನಿಂತರೆ ತಿಳಿಯುತ್ತದೆ, ಎರಡೂ ಬದಿಯ ಕರಾವಳಿ ಕಣ್ಣಿಗೆ ಬೀಳುತ್ತದೆ. ಕಡಲಲ್ಲಿ ದೋಣಿ ತೋರಿಸಿ ಎಷ್ಟು ದೂರ ಅಂತ ಕೇಳಿದರೆ ಮಕ್ಕಳು ಯಾವಾಗಲೂ ಕಮ್ಮಿಯೇ ಹೇಳುತ್ತಾರೆ. ನೀರಿನ ಮೇಲಿನ ವಸ್ತು ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಕಣ್ಣು ನಂಬುವ ಮೊದಲು ಕಣ್ಣು ಎಲ್ಲಿ ತಪ್ಪುತ್ತದೆ ಅಂತ ಗೊತ್ತಿರಬೇಕು ಅಲ್ವಾ? ಅಧಿಕಾರಿಯ ಅಂದಾಜು ತಪ್ಪಿದರೆ ಅವನ ಹಿಂದೆ ಇರುವ 30 ಜನಕ್ಕೆ ಪೆಟ್ಟು ಬೀಳುತ್ತದೆ.

ಅಧಿಕಾರಿಗಳ ಆಯ್ಕೆಯಲ್ಲೂ ಇದನ್ನೇ ನೋಡುತ್ತಾರೆ. ಎನ್‌ಡಿಎ, ಅಂದ್ರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರುವ ಲಿಖಿತ ಪರೀಕ್ಷೆಗೆ 900 ಅಂಕ, ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಆಮೇಲಿನ ಎಸ್‌ಎಸ್‌ಬಿಗೂ, ಅಂದ್ರೆ ಆಯ್ಕೆ ಮಂಡಳಿಯ ಸಂದರ್ಶನಕ್ಕೂ 900. ಐದು ದಿನ ಅಲ್ಲೇ ಇಟ್ಟುಕೊಂಡು ನೋಡುತ್ತಾರೆ. ಒಂದು ಶಬ್ದ ತೋರಿಸಿ 15 ಸೆಕೆಂಡಿನಲ್ಲಿ ವಾಕ್ಯ ಬರೆಯಿರಿ ಅನ್ನುತ್ತಾರೆ, ಹೀಗೆ 60 ಶಬ್ದ. ಹಲಗೆ, ಹಗ್ಗ ಕೊಟ್ಟು ಎಲ್ಲರೂ ಸೇರಿ ಅಡ್ಡಿ ದಾಟಿ ಅನ್ನುತ್ತಾರೆ. ಜೋರಾಗಿ ಕೂಗುವವನೇ ನಾಯಕ ಅಂತ ತುಂಬ ಹುಡುಗರು ಅಂದುಕೊಂಡಿರುತ್ತಾರೆ. ಅದು ತಪ್ಪು. ಬೇರೆಯವರು ಹೇಳಿದ ಒಳ್ಳೆ ಉಪಾಯ ಕೇಳಿಸಿಕೊಂಡು ಕೆಲಸ ಮುಂದೆ ತರುವವನು ಬೇಕು.

ದಾರಿಗಳ ವಿಷಯ. ಪ್ಲಸ್ ಟೂ ಮುಗಿಸಿದವರಿಗೆ ಪುಣೆ ಹತ್ತಿರದ ಖಡಕ್‌ವಾಸ್ಲಾದ ಎನ್‌ಡಿಎ, ಮೂರು ವರ್ಷ, ಡಿಗ್ರಿ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ್ದು. ಹುಡುಗಿಯರಿಗೂ ಅಲ್ಲಿ ಪ್ರವೇಶ ಉಂಟು, 2025ರ ಮೇ ತಿಂಗಳಲ್ಲಿ ಮೊದಲ 17 ಮಂದಿ ಹೊರಬಂದರು. ನೌಕಾಪಡೆಯ ಅಕಾಡೆಮಿ ಇರುವುದು ಏಳಿಮಲೆಯಲ್ಲಿ, ಪಯ್ಯನ್ನೂರಿನ ಹತ್ತಿರ. ನಮ್ಮ ಮಕ್ಕಳು ಕಣ್ಣೂರಿಗೆ ರೈಲಿನಲ್ಲಿ ಆ ದಾರಿಯಲ್ಲೇ ಹೋಗಿ ಬರುತ್ತಾರೆ. ಅಲ್ಲಿ ನಾಲ್ಕು ವರ್ಷದ ಬಿ.ಟೆಕ್ ಸಿಗುತ್ತದೆ ಅಂತ ಎಷ್ಟು ಮನೆಗೆ ಗೊತ್ತು? ಡಿಗ್ರಿ ಆದವರಿಗೆ ಸಿಡಿಎಸ್ ಅನ್ನುವ ಪ್ರವೇಶ ಪರೀಕ್ಷೆ. ಎನ್‌ಸಿಸಿಯ ಕೊನೆಯ ಪರೀಕ್ಷೆ ಪಾಸಾದಾಗ ಸಿಗುವ 'ಸಿ' ಸರ್ಟಿಫಿಕೇಟಿನಲ್ಲಿ ಕನಿಷ್ಠ 'ಬಿ' ಗ್ರೇಡ್, ಡಿಗ್ರಿಯಲ್ಲಿ ಶೇ. 50 ಅಂಕ ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿಗೆ ಅರ್ಜಿ ಹಾಕಬಹುದು, ಹುಡುಗಿಯರೂ ಸಹ. ಇದು ಗೊತ್ತಿಲ್ಲದೆ ಮೂರನೇ ವರ್ಷದಲ್ಲಿ ಎನ್‌ಸಿಸಿ ಬಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ಭಾಷೆ. ಕನ್ನಡ ಮೀಡಿಯಂ, ನಮಗೆಲ್ಲಿ ಆಗ್ತದೆ ಅಂತ ಇಲ್ಲೇ ಇಬ್ಬರು ಕೇಳಿದರು. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ, ಅದು ನಿಜ. ಆದರೆ ನೀವು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ ಮಾತಾಡುವವರು. "ಸಾವಧಾನ್, ವಿಶ್ರಾಮ್" ಒಂದೇ ವಾರದಲ್ಲಿ ಬಾಯಿಗೆ ಬಂತು, ಬರಲಿಲ್ವಾ? ಇಂಗ್ಲಿಷಿಗೆ ಇನ್ನೂ ಜಾಸ್ತಿ ಸಮಯ ಬೇಕು, ಅಷ್ಟೇ. ದಿನಕ್ಕೆ ಒಂದು ಪುಟ ಓದಿ, ಓದಿದ್ದನ್ನು ಇಂಗ್ಲಿಷಿನಲ್ಲೇ ಮೂರು ನಿಮಿಷ ಎದ್ದು ನಿಂತು ಹೇಳಿ. ಸುಮ್ನೆ ಬಾಯಿಪಾಠ ಬೇಡ.

ಡಿಗ್ರಿಗೆ ಸೇರುವಾಗಲೇ ಆ ಕಾಲೇಜಿನಲ್ಲಿ ಎನ್‌ಸಿಸಿ ಉಂಟಾ ಅಂತ ಕೇಳಿ, ಮೊದಲ ವರ್ಷವೇ ಸೇರಿ. ಪ್ರಶ್ನೆಗಳಿದ್ದರೆ ಆಮೇಲೆ ಕೂತು ಮಾತಾಡುವ. ಈಗ ನಾನು ತಂದ ನಕಾಶೆಯನ್ನು ಆ ಮೇಜಿನ ಮೇಲೆ ಹಾಸುತ್ತೇನೆ. ಎಲ್ಲರೂ ಬನ್ನಿ. ಮೊದಲು ನಿಮ್ಮ ಮನೆ ಹುಡುಕಿ, ಆಮೇಲೆ ಮನೆಯಿಂದ ಹತ್ತಿರದ ತೋಡು ಯಾವ ಬದಿಗೆ ಹರಿಯುತ್ತದೆ ಅಂತ ಗೆರೆ ನೋಡಿ ನನಗೆ ಹೇಳಿ.