ಮಿದುಳು ಕೊಡುವ ಸಮಜಾಯಿಷಿ

ಕೇಳುಗರಿಗೆ ನಮಸ್ಕಾರ.

ಹಾಗೇಕೆ ಮಾಡಿದಿರಿ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರಕ್ಕೇನೂ ಬರವಿಲ್ಲ. ರೇಗಿದ್ದಕ್ಕೆ, ಬೇಡದ ವಸ್ತುವನ್ನು ಕೊಂಡದ್ದಕ್ಕೆ, ಒಬ್ಬರನ್ನು ಮೆಚ್ಚಿ ಇನ್ನೊಬ್ಬರನ್ನು ದೂರವಿಟ್ಟಿದ್ದಕ್ಕೆ ಕಾರಣ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಮ್ಮ ನಡವಳಿಕೆಯನ್ನು ರೂಪಿಸುವುದು ಮಿದುಳು ಎಂಬುದು ಎಲ್ಲರಿಗೂ ಗೊತ್ತು. ಆದರೆ ಕೆಲಸ ಮುಗಿದ ಮೇಲೆ ಅದಕ್ಕೊಂದು ಸಮಜಾಯಿಷಿಯನ್ನೂ ಅದೇ ಮಿದುಳು ಹೊಂದಿಸಿಕೊಡುತ್ತದೆ, ನಾವು ಅದನ್ನು ನಿಜವೆಂದೇ ನಂಬುತ್ತೇವೆ. ಇಂದಿನ ನನ್ನ ಮಾತು ಈ ಎರಡನೆಯ ಕೆಲಸದ ಬಗ್ಗೆ.

ಮಿದುಳಿನ ಎಡ ಮತ್ತು ಬಲ ಅರ್ಧಗಳನ್ನು ಸುಮಾರು 20 ಕೋಟಿ ನರತಂತುಗಳ ಒಂದು ದಪ್ಪ ಪಟ್ಟಿ ಜೋಡಿಸಿದೆ. ಯಾವ ಔಷಧಿಗೂ ಬಗ್ಗದ ಮೂರ್ಛೆರೋಗದವರಲ್ಲಿ ಶಸ್ತ್ರಚಿಕಿತ್ಸಕರು ಕೆಲವೊಮ್ಮೆ ಈ ಪಟ್ಟಿಯನ್ನೇ ಕತ್ತರಿಸುತ್ತಿದ್ದರು. ಒಂದು ಬದಿಯಲ್ಲಿ ಎದ್ದ ಸೆಳವು ಇನ್ನೊಂದಕ್ಕೆ ಹಬ್ಬಬಾರದು ಎಂಬುದು ಉದ್ದೇಶ. ಹೀಗೆ ಶಸ್ತ್ರಚಿಕಿತ್ಸೆಯಾದವರು ನಡೆದಾಡುತ್ತಿದ್ದರು, ಮಾತನಾಡುತ್ತಿದ್ದರು, ಮೇಲ್ನೋಟಕ್ಕೆ ಮೊದಲಿನಂತೆಯೇ ಇದ್ದರು. ಅವರೊಳಗೆ ಏನಾಗಿದೆ ಎಂಬುದನ್ನು 1960ರ ದಶಕದಿಂದ ಹೊರಗೆ ತೆಗೆದವರು ಕ್ಯಾಲಿಫೋರ್ನಿಯಾದ ರೋಜರ್ ಸ್ಪೆರಿ ಮತ್ತು ಅವರ ಶಿಷ್ಯ ಮೈಕೆಲ್ ಗಜಾನಿಗ. ಸ್ಪೆರಿಯವರಿಗೆ ಇದಕ್ಕಾಗಿ 1981ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

1970ರ ದಶಕದಲ್ಲಿ ಗಜಾನಿಗ ಮತ್ತು ಜೋಸೆಫ್ ಲೆಡೂ ಇಂಥ ಒಬ್ಬ ತರುಣನೊಂದಿಗೆ ನಡೆಸಿದ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎದುರಿಗಿರುವ ತೆರೆಯ ನಡುವಿನ ಬಿಂದುವಿನ ಮೇಲೆ ಅವನು ದೃಷ್ಟಿ ನೆಟ್ಟಿದ್ದಾನೆ. ಬಲಗಡೆ ಒಂದು ಕೋಳಿಯ ಕಾಲು, ಎಡಗಡೆ ಹಿಮ ತುಂಬಿದ ಅಂಗಳ, ಎರಡೂ ಕ್ಷಣಮಾತ್ರ ಮಿಂಚಿ ಮಾಯವಾಗುತ್ತವೆ. ಬಲಗಡೆ ಕಂಡದ್ದು ಎಡ ಮಿದುಳಿಗೆ ತಲುಪುತ್ತದೆ, ಎಡಗಡೆ ಕಂಡದ್ದು ಬಲ ಮಿದುಳಿಗೆ. ನಡುವಿನ ಪಟ್ಟಿ ಇಲ್ಲದ್ದರಿಂದ ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ತಿಳಿಯದು. ಈಗ ಮುಂದಿಟ್ಟಿರುವ ಚಿತ್ರಗಳಲ್ಲಿ ಹೊಂದುವಂಥದ್ದನ್ನು ಅವನು ಮುಟ್ಟಿ ತೋರಿಸಬೇಕು. ಎಡ ಮಿದುಳಿನ ಹಿಡಿತದಲ್ಲಿರುವ ಬಲಗೈ ಕೋಳಿಯನ್ನು ತೋರಿಸಿತು. ಬಲ ಮಿದುಳಿನ ಹಿಡಿತದಲ್ಲಿರುವ ಎಡಗೈ ಹಿಮ ಬಾಚುವ ಸಲಿಕೆಯನ್ನು ತೋರಿಸಿತು. ಎರಡೂ ಸರಿಯೇ.

ಸಲಿಕೆ ಏಕೆ ಎಂದು ಕೇಳಿದರು. ಉತ್ತರ ಕೊಡಬೇಕಾದದ್ದು ಮಾತು ಬಲ್ಲ ಎಡ ಮಿದುಳು. ಹಿಮದ ವಿಷಯವೇ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ತರುಣ ಎಳ್ಳಷ್ಟೂ ತಡವರಿಸದೆ ಹೇಳಿದ: ಕೋಳಿಯ ಕಾಲಿಗೆ ಕೋಳಿ ಹೊಂದುತ್ತದೆ, ಕೋಳಿಗೂಡನ್ನು ಬಳಿದು ಶುಚಿ ಮಾಡಲು ಸಲಿಕೆ ಬೇಕಲ್ಲ! ಇದು ಸುಳ್ಳಲ್ಲ, ಏಕೆಂದರೆ ಸುಳ್ಳು ಹೇಳುವವನಿಗೆ ನಿಜ ಗೊತ್ತಿರಬೇಕು. ಎಡ ಮಿದುಳಿನ ಈ ಸಾಮರ್ಥ್ಯವನ್ನು ಗಜಾನಿಗ ‘ವ್ಯಾಖ್ಯಾನಕಾರ’ ಎಂದು ಕರೆದರು. ಹೆಸರಿನಲ್ಲಿ ಸ್ವಲ್ಪ ದಾಕ್ಷಿಣ್ಯ ಹೆಚ್ಚಾಯಿತು ಎಂದು ನನಗೆ ಅನ್ನಿಸುತ್ತದೆ.

ಅದು ಮಿದುಳು ಕತ್ತರಿಸಿಕೊಂಡವರ ಪಾಡು, ನಮಗೇನು ಎಂದು ನೀವು ಕೇಳಬಹುದು. 2005ರಲ್ಲಿ ಸ್ವೀಡನ್ನಿನ ಪೆಟ್ಟರ್ ಯೋಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಎರಡು ಮುಖಗಳ ಫೋಟೊ ತೋರಿಸಿ, ಯಾವುದು ಹೆಚ್ಚು ಇಷ್ಟವಾಯಿತು ಎಂದು ಕೇಳುವುದು. ಆಯ್ದ ಫೋಟೊವನ್ನು ಕೈಗೆ ಕೊಡುವಾಗ ಜಾದೂಗಾರರ ಕೈಚಳಕದಿಂದ ಕೆಲವು ಸಲ ಇನ್ನೊಂದನ್ನು ಕೊಡುವುದು. ಹೆಚ್ಚಿನ ಸಲ ಅದಲುಬದಲಾದದ್ದು ಯಾರ ಗಮನಕ್ಕೂ ಬರಲಿಲ್ಲ. ಅಷ್ಟೇ ಅಲ್ಲ, ತಾವು ಆರಿಸದೇ ಇದ್ದ ಮುಖವನ್ನು ಕೈಯಲ್ಲಿ ಹಿಡಿದು, ಅದು ಏಕೆ ಇಷ್ಟವಾಯಿತು ಎಂಬುದನ್ನು ಅವರು ವಿವರಿಸಿದರು. ತನಗೆ ಕಿವಿಯೋಲೆ ಇಷ್ಟ ಎಂದರು ಒಬ್ಬರು. ಅವರು ನಿಜವಾಗಿ ಆರಿಸಿದ್ದ ಮುಖಕ್ಕೆ ಓಲೆಯೇ ಇರಲಿಲ್ಲ.

ಮಿದುಳಿನ ಮಾತು ಬಂದಾಗಲೆಲ್ಲ ಫಿನಿಯಸ್ ಗೇಜ್ ಎಂಬುವನ ಕಥೆ ಹೇಳುವುದು ವಾಡಿಕೆ. 1848ರಲ್ಲಿ ಕಬ್ಬಿಣದ ಸರಳು ತಲೆಯನ್ನು ತೂರಿಹೋದ ಮೇಲೆ ಆ ಸಾಧು ಮನುಷ್ಯ ಒರಟನಾದ ಎನ್ನುತ್ತಾರೆ. ಕೇಳಿ ಕೇಳಿ ಬೆಳೆದ ಕಥೆ ಅದು. ಮುಂದೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ್ದನ್ನು ಮಾತ್ರ ಹೇಳುವವರು ಕಡಿಮೆ. ನನ್ನ ಮಾತಿಗೆ ಅದಕ್ಕಿಂತ ಹತ್ತಿರದ್ದು ಪಾರ್ಕಿನ್ಸನ್ ಕಾಯಿಲೆ.

ಆ ಕಾಯಿಲೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಸಾಯುತ್ತವೆ. ಚಲನೆಗೆ ಬೇಕಾದ ಇದೇ ರಾಸಾಯನಿಕ ಬಯಕೆಗೂ ನಿರೀಕ್ಷೆಗೂ ಬೇಕು. ಅದರಂತೆಯೇ ವರ್ತಿಸುವ ಮಾತ್ರೆಗಳನ್ನು ಕೊಟ್ಟಾಗ ಕೈಕಾಲುಗಳ ಬಿಗಿತ ಸಡಿಲುತ್ತದೆ. ಆದರೆ ಕೆಲವರಲ್ಲಿ ಹೊಸದೊಂದು ಚಟ ತಲೆ ಎತ್ತುತ್ತದೆ. ಎಂದೂ ಜೂಜಿನ ಕಡೆ ತಿರುಗಿ ನೋಡದವರು ಉಳಿತಾಯವನ್ನೆಲ್ಲ ಅದಕ್ಕೆ ಸುರಿದದ್ದುಂಟು. ವೈದ್ಯರು ಮಾತ್ರೆಯ ಪ್ರಮಾಣ ಇಳಿಸಿದರೆ ಅಥವಾ ಔಷಧಿ ಬದಲಾಯಿಸಿದರೆ ಬಹಳ ಮಂದಿಯಲ್ಲಿ ಆ ಚಟ ಇಳಿಯುತ್ತದೆ. ರೋಗಿ ತಾನಾಗಿ ಮಾತ್ರೆ ನಿಲ್ಲಿಸುವುದು ಮಾತ್ರ ಅಪಾಯ.

ರೋಗಿಗೆ ಒಳಗಿನಿಂದ ಆ ಚಟ ತನ್ನದೇ ಇಷ್ಟ, ತನ್ನದೇ ತೀರ್ಮಾನ ಎಂದು ಅನ್ನಿಸಬಹುದು. ಅದಕ್ಕೇ ಈ ಮಾತ್ರೆಗಳನ್ನು ಬರೆದುಕೊಡುವಾಗ ವೈದ್ಯರು ರೋಗಿಯೊಬ್ಬರಿಗೇ ಎಚ್ಚರಿಕೆ ಹೇಳಿ ಕಳುಹಿಸಿದರೆ ಸಾಲದು. ಜೊತೆಗೆ ಬಂದವರನ್ನೂ ಕೂರಿಸಿಕೊಂಡು, ಖರ್ಚಿನಲ್ಲಿ, ತಿನ್ನುವುದರಲ್ಲಿ, ಹವ್ಯಾಸಗಳಲ್ಲಿ ಏನಾದರೂ ಹೊಸದು ಕಂಡರೆ ತಿಳಿಸಿ ಎಂದು ಹೇಳಬೇಕಾಗುತ್ತದೆ.